ಬಾಗಿಲಲ್ಲಿಟ್ಟು ಹೋದ ಪಾರ್ಸಲ್: ಗೇಟು, ಕ್ಯಾಮೆರಾ, ಪೆಟ್ಟಿಗೆ, ಒಟಿಪಿ, ನಿಮ್ಮ ಮನೆಗೆ ಯಾವುದು?

‘ಡೆಲಿವರ್ಡ್’ ಅಂತ ಮೆಸೇಜ್ ಬಂದಾಗ ನಾನು ಆಫೀಸಿನಲ್ಲಿದ್ದೆ. ಜೊತೆಗೆ ಒಂದು ಫೋಟೊ. ನಮ್ಮ ಮನೆಯ ಹಸಿರು ಬಾಗಿಲು, ಪಕ್ಕದಲ್ಲಿ ಚಪ್ಪಲಿ ಸ್ಟ್ಯಾಂಡು, ಅದರ ಮೇಲೆ ಕಂದು ಬಣ್ಣದ ಡಬ್ಬ. ಸಂಜೆ ಏಳಕ್ಕೆ ಬಂದು ನೋಡಿದರೆ ಬಾಗಿಲಿದೆ, ಸ್ಟ್ಯಾಂಡಿದೆ, ಡಬ್ಬ ಇಲ್ಲ. ಒಳಗಿದ್ದದ್ದು ಮಿಕ್ಸಿಯ ಚಟ್ನಿ ಜಾರು. ಕದ್ದವರ ಮನೆಯಲ್ಲಿ ಅದೇ ಕಂಪನಿಯ ಮಿಕ್ಸಿ ಇಲ್ಲದಿದ್ದರೆ ಅವರಿಗೂ ಅದರಿಂದ ಉಪಯೋಗವಿಲ್ಲ. ನಮ್ಮ ಮನೆಯಲ್ಲಂತೂ ಇನ್ನೂ ಹದಿನೈದು ದಿನ ದೊಡ್ಡ ಜಾರಿನ ತಳಕ್ಕೆ ಅಂಟಿದ ಚಟ್ನಿಯೇ ಗತಿಯಾಯಿತು.

ಆ ಜಾರಿನ ದೆಸೆಯಿಂದ ಎರಡು ವರ್ಷ ಒಂದೊಂದೇ ಉಪಾಯ ಮಾಡಿ ನೋಡಿದ್ದೇನೆ. ಮೊದಲು ಪಿಜಿಯಲ್ಲಿದ್ದೆ. ಈಗ ಬೆಂಗಳೂರಿನ ವಿಜಯನಗರದ ಕಡೆ ಎರಡನೇ ಮಹಡಿಯ ಬಾಡಿಗೆ ಮನೆ. ಅಕ್ಕ ಇರುವುದು ವೈಟ್‌ಫೀಲ್ಡಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ. ಅಪ್ಪ ಅಮ್ಮ ಹಾಸನದಲ್ಲಿ. ನಾಲ್ಕೂ ಕಡೆ ಪಾರ್ಸಲ್ ಬರುತ್ತದೆ, ನಾಲ್ಕೂ ಕಡೆ ಕಥೆ ಬೇರೆ. ‘ಇದನ್ನು ಕೊಂಡುಕೊಳ್ಳಿ, ಕಳ್ಳತನ ನಿಲ್ಲುತ್ತದೆ’ ಅಂತ ಒಂದೇ ಮಾತು ಹೇಳಲು ಬರುವುದಿಲ್ಲ.

ಆದರೆ ಅಳೆಯಲು ಒಂದು ಪ್ರಶ್ನೆ ಸಿಕ್ಕಿದೆ. ಡೆಲಿವರಿ ಹುಡುಗನ ಕೈ ಬಿಟ್ಟ ಮೇಲೆ, ನನ್ನ ಕೈ ಸೇರುವ ತನಕ, ಡಬ್ಬ ಯಾರ ಕೈಯಲ್ಲಿರುತ್ತದೆ? ‘ಯಾರ ಕೈಯಲ್ಲೂ ಇಲ್ಲ’ ಎಂಬ ಉತ್ತರ ಬಂದರೆ ಆ ಉಪಾಯಕ್ಕೆ ಎಷ್ಟೇ ದುಡ್ಡು ಸುರಿದರೂ ಅದು ಅರ್ಧ ಉಪಾಯ. ಹಳೇ ಮನೆಗಳ ಜಗಲಿಯ ಮೇಲೆ ಅಡಿಕೆ ಮೂಟೆ ಇಟ್ಟರೂ ಯಾರೂ ಮುಟ್ಟುತ್ತಿರಲಿಲ್ಲ ಅಂತ ಅಪ್ಪ ಹೇಳುತ್ತಾರೆ. ಆಗಿನ ಜನ ಅಷ್ಟು ಒಳ್ಳೆಯವರಿದ್ದರು ಎಂಬುದನ್ನು ನಾನು ಪೂರ್ತಿ ನಂಬುವುದಿಲ್ಲ. ಜಗಲಿಯಲ್ಲಿ ಹಗಲೆಲ್ಲ ಒಬ್ಬರಲ್ಲ ಒಬ್ಬರು ಕೂತಿರುತ್ತಿದ್ದರು, ಅದನ್ನು ನಂಬುತ್ತೇನೆ. 2020ರ ಲಾಕ್‌ಡೌನಿನಲ್ಲಿ ಮುಟ್ಟದೆ, ಹತ್ತಿರ ಬಾರದೆ ಬಾಗಿಲಲ್ಲಿ ಇಟ್ಟು ಹೋಗುವ ಪದ್ಧತಿ ಜೋರಾಯಿತು. ರೋಗ ಹೋಯಿತು, ಅಭ್ಯಾಸ ಉಳಿಯಿತು. ಆದರೆ ಬಾಗಿಲ ಮುಂದೆ ಈಗ ಕೂತವರು ಯಾರೂ ಇಲ್ಲ.

ಖರ್ಚಿಲ್ಲದ ಎರಡು: ಕ್ಯಾಶ್ ಆನ್ ಡೆಲಿವರಿ, ಒಟಿಪಿ

ಕ್ಯಾಶ್ ಆನ್ ಡೆಲಿವರಿ ಅಂದರೆ ನನ್ನ ತಮ್ಮ ನಗುತ್ತಾನೆ, ‘ಇನ್ನೂ ಯಾವ ಕಾಲದಲ್ಲಿದ್ದೀಯ’ ಅಂತ. ನನಗೆ ಮಾತ್ರ ಇದಕ್ಕಿಂತ ಗಟ್ಟಿ ಬೀಗ ಸಿಕ್ಕಿಲ್ಲ. ದುಡ್ಡು ಬರುವ ತನಕ ಹುಡುಗ ಡಬ್ಬವನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು ಹೋಗುವಂತಿಲ್ಲ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಫೋನ್ ಮಾಡುತ್ತಾನೆ. ನಾಳೆ ಬನ್ನಿ ಅಂದರೆ ವಾಪಸ್ ಒಯ್ಯುತ್ತಾನೆ. ನೋಟೇ ಕೊಡಬೇಕೆಂದಿಲ್ಲ, ಕ್ಯೂಆರ್ ತೋರಿಸುತ್ತಾನೆ. ಕೆಲವು ಕಂಪನಿಗಳು ಇದಕ್ಕೆ ಸಣ್ಣ ಶುಲ್ಕ ಹಾಕುತ್ತವೆ, ಎಲ್ಲ ಸಾಮಾನಿಗೂ ಈ ಸೌಲಭ್ಯ ಇರುವುದಿಲ್ಲ. ಒಂದು ತಪ್ಪು ಮಾತ್ರ ಮಾಡಬೇಡಿ. ‘ಅಣ್ಣಾ, ಈಗಲೇ ಯುಪಿಐ ಮಾಡ್ತೀನಿ, ಬಾಗಿಲಲ್ಲಿ ಇಟ್ಟುಬಿಡಿ’ ಅಂದ ಕ್ಷಣ ಬೀಗವನ್ನು ನೀವೇ ತೆಗೆದ ಹಾಗೆ.

ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಇದು ಉಲ್ಟಾ ಹೊಡೆಯಬಹುದು. ಯಾರೂ ಆರ್ಡರ್ ಮಾಡದ ಡಬ್ಬ ಹಿಡಿದು ಬಂದು, ‘ನಿಮ್ಮ ಮಗನ ಹೆಸರಿಗೆ ಬಂದಿದೆ, 650 ಕೊಡಿ’ ಎನ್ನುವ ವಂಚನೆ ಇದೆ. ಒಳಗೆ ಹಳೇ ಬಟ್ಟೆ ಚೂರೋ, ಕಲ್ಲೋ ಇರುತ್ತದೆ. ಹಾಗಾಗಿ ಹಾಸನದ ಮನೆಗೆ ನಾನು ಮುಂಚೆಯೇ ದುಡ್ಡು ಕಟ್ಟಿ ಕಳಿಸುತ್ತೇನೆ. ಅಮ್ಮನಿಗೆ ಒಂದೇ ನಿಯಮ: ಯಾರು ಬಂದು ದುಡ್ಡು ಕೇಳಿದರೂ ಕೊಡುವುದಿಲ್ಲ. ಅಲ್ಲಿ ಹಗಲೆಲ್ಲ ಅಮ್ಮ ಮನೆಯಲ್ಲೇ ಇರುವುದರಿಂದ ಡಬ್ಬ ಬಾಗಿಲಲ್ಲಿ ಅನಾಥವಾಗಿ ಬಿದ್ದಿರುವ ಪ್ರಶ್ನೆಯೇ ಬರುವುದಿಲ್ಲ.

ಒಟಿಪಿಯದೂ ಇದೇ ಗುಣ, ದುಡ್ಡಿನ ಬದಲು ನಂಬರು. ಫೋನು, ಲ್ಯಾಪ್‌ಟಾಪಿನಂಥ ದುಬಾರಿ ಸಾಮಾನಿಗೆ ಅಮೆಜಾನ್, ಫ್ಲಿಪ್‌ಕಾರ್ಟ್ ತಾವಾಗಿಯೇ ಕೇಳುತ್ತವೆ. ಚಟ್ನಿ ಜಾರಿಗೆ ಯಾರೂ ಕೇಳುವುದಿಲ್ಲ, ತೊಂದರೆ ಅಲ್ಲೇ. ಇನ್ನೊಂದು ತೊಂದರೆ ನಮ್ಮದೇ. ಮೀಟಿಂಗಿನಲ್ಲಿರುವಾಗ ಫೋನ್ ಬಂದರೆ ನಂಬರು ಹೇಳಿ ಕೈತೊಳೆದುಕೊಳ್ಳುತ್ತೇವೆ. ಒಟಿಪಿ ಹೇಳಿದರೆ ‘ಡಬ್ಬ ನನ್ನ ಕೈಗೆ ಬಂತು’ ಅಂತ ಸಹಿ ಹಾಕಿದ ಹಾಗೆ. ಆಮೇಲೆ ಬಂದಿಲ್ಲ ಎಂದು ಕಂಪನಿಗೆ ನಂಬಿಸುವುದು ಬಹಳ ಕಷ್ಟ. ಡಬ್ಬ ಕಣ್ಣ ಮುಂದೆ ಇದ್ದರೆ ಮಾತ್ರ ಹೇಳಿ. ‘ಓಪನ್ ಬಾಕ್ಸ್ ಡೆಲಿವರಿ’ ಇದ್ದರೆ ಡಬ್ಬ ಬಿಚ್ಚಿಸಿ, ಒಳಗಿರುವುದು ಫೋನೋ ಸೋಪೋ ನೋಡಿಕೊಂಡು ಹೇಳಿ.

ಹಾಗೆಯೇ, ‘ಡೆಲಿವರಿ ಹುಡುಗನ ಜೊತೆ ಮಾತಾಡಲು ಈ ನಂಬರ್ ಒತ್ತಿ’ ಎಂದು ಯಾರಾದರೂ ಸ್ಟಾರ್ 401 ಸ್ಟಾರ್‌ನಿಂದ ಶುರುವಾಗುವ ನಂಬರು ಕೊಟ್ಟರೆ ಒತ್ತಬೇಡಿ. ಅದು ನಿಮಗೆ ಬರುವ ಕರೆಗಳನ್ನೆಲ್ಲ, ಒಟಿಪಿ ಹೇಳುವ ಕರೆಯನ್ನೂ ಸೇರಿಸಿ, ವಂಚಕನ ಫೋನಿಗೆ ತಿರುಗಿಸುತ್ತದೆ. ಒತ್ತಿ ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಜನ: ಓನರ್ ಆಂಟಿ, ಎದುರು ಮನೆ, ಇಸ್ತ್ರಿ ಅಂಗಡಿ

ನಮ್ಮಂಥ ಬಾಡಿಗೆ ಮನೆಗಳಿಗೆ ಇದೇ ಮುಖ್ಯ ಉಪಾಯ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ.

ಕೆಳಗೆ ಓನರ್, ಮೇಲೆ ಎರಡು ಬಾಡಿಗೆ ಮನೆ, ಹೊರಗಿನಿಂದ ಮೆಟ್ಟಿಲು. ಬೆಂಗಳೂರಿನ ಅರ್ಧ ಮನೆಗಳು ಹೀಗೇ ಇವೆ ಅಲ್ವಾ? ಗೇಟಿಗೆ ಚಿಲಕ ಇರುತ್ತದೆ, ಬೀಗ ಇರುವುದಿಲ್ಲ. ಯಾರು ಬೇಕಾದರೂ ಮೆಟ್ಟಿಲು ಹತ್ತಬಹುದು. ಕೇಳಿದರೆ ‘ಟು-ಲೆಟ್ ಬೋರ್ಡ್ ನೋಡಿ ಬಂದೆ’ ಅಂದರೆ ಮುಗಿಯಿತು.

ಮೊದಲು ಓನರ್ ಆಂಟಿಗೆ ಹೇಳಿದ್ದೆ. ಅವರು ಒಳ್ಳೆಯವರು, ಆದರೆ ಮಧ್ಯಾಹ್ನ ಒಂದೂವರೆಯಿಂದ ನಾಲ್ಕರ ತನಕ ನಿದ್ದೆ. ಪಾರ್ಸಲ್ ಬರುವುದೂ ಸರಿಯಾಗಿ ಆಗಲೇ. ಅದಕ್ಕಿಂತ ದೊಡ್ಡ ತೊಂದರೆ ಅಂದರೆ ಡಬ್ಬಗಳ ಲೆಕ್ಕ. ‘ಈ ತಿಂಗಳು ಎಂಟು ಬಂತಲ್ಲ, ಬಾಡಿಗೆ ಮಾತ್ರ ಐದನೇ ತಾರೀಕು’ ಎಂದು ಒಮ್ಮೆ ನಗುತ್ತಲೇ ಅಂದರು. ಅಲ್ಲಿಗೆ ನಿಲ್ಲಿಸಿದೆ.

ಎದುರು ಮನೆಯವರ ಜೊತೆ ಕೊಡುಕೊಳ್ಳುವುದು ಸಮ ಇದ್ದರೆ ಅದು ಒಳ್ಳೆಯ ವ್ಯವಸ್ಥೆ. ಅವರದ್ದನ್ನು ನಾವು, ನಮ್ಮದನ್ನು ಅವರು. ಬರೀ ನಮ್ಮದೇ ಬರುತ್ತಿದ್ದರೆ ಮೂರನೇ ತಿಂಗಳಿಗೆ ಮುಖ ಸಪ್ಪಗಾಗುತ್ತದೆ.

ಕೊನೆಗೆ ಕೆಲಸಕ್ಕೆ ಬಂದದ್ದು ಬೀದಿ ಮೂಲೆಯ ಇಸ್ತ್ರಿ ಅಂಗಡಿ. ಬೆಳಗ್ಗೆ ಎಂಟಕ್ಕೆ ತೆಗೆದರೆ ರಾತ್ರಿ ಎಂಟಕ್ಕೆ ಮುಚ್ಚುವುದು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರು ಊರಿಗೆ ಹೋಗಿದ್ದಾರೆ, ಎಲ್ಲ ಗೊತ್ತು. ಡೆಲಿವರಿ ಹುಡುಗರಿಗೂ ಪರಿಚಯ, ಏಕೆಂದರೆ ಅವರು ಅಡ್ರೆಸ್ ಕೇಳುವುದೇ ಅಲ್ಲಿ. ವಾರಕ್ಕೆ ಹೇಗೂ ಹತ್ತಿಪ್ಪತ್ತು ಬಟ್ಟೆ ಕೊಡುತ್ತೇನೆ. ಪಾರ್ಸಲ್ ಇಟ್ಟುಕೊಂಡ ದಿನ ಚಿಲ್ಲರೆ ವಾಪಸ್ ಕೇಳುವುದಿಲ್ಲ. ಅಡ್ರೆಸ್ಸಿನಲ್ಲಿ ‘ಮನೆಯಲ್ಲಿ ಯಾರೂ ಇಲ್ಲದಿದ್ದರೆ ಮೂಲೆಯ ಇಸ್ತ್ರಿ ಅಂಗಡಿಯಲ್ಲಿ ಕೊಡಿ’ ಎಂದು ಸೇರಿಸಿದ್ದೇನೆ. ನಿಮ್ಮಲ್ಲಿ ಅದು ಕಿರಾಣಿ ಅಂಗಡಿ ಇರಬಹುದು, ಟೈಲರ್ ಇರಬಹುದು. ಎರಡೇ ಶರತ್ತು: ಹಗಲೆಲ್ಲ ತೆಗೆದಿರಬೇಕು, ನೀವು ಅಲ್ಲಿ ದಿನಾ ವ್ಯಾಪಾರ ಮಾಡುವ ಗಿರಾಕಿ ಆಗಿರಬೇಕು.

ಒಂದು ಎಚ್ಚರಿಕೆ. ಹೀಗೆ ಬರೆದು ಕೊಟ್ಟ ಮೇಲೆ ಅಂಗಡಿಯಿಂದ ಡಬ್ಬ ಹೋದರೆ ಕಂಪನಿಯವರು ‘ನೀವೇ ಹೇಳಿದಿರಲ್ಲ’ ಅನ್ನುತ್ತಾರೆ. ಬಾಗಿಲಲ್ಲಿ ಇಡಿ ಅಂತ ಬರೆದರೂ ಇದೇ ಮಾತು. ಹಾಗಾಗಿ ಇದು 2,000 ರೂಪಾಯಿ ಒಳಗಿನ ಸಾಮಾನಿಗೆ ಮಾತ್ರ ನನ್ನ ದಾರಿ. ಈ ಗೆರೆ ನಾನು ಹಾಕಿಕೊಂಡದ್ದು, ನಿಮ್ಮದು ನೀವು ಹಾಕಿಕೊಳ್ಳಿ.

ಅಪಾರ್ಟ್‌ಮೆಂಟಿನ ಗೇಟು

ಅಕ್ಕನ ಅಪಾರ್ಟ್‌ಮೆಂಟಿನಲ್ಲಿ ಗೇಟಿನ ಆ್ಯಪ್ ಇದೆ. ಬೆಂಗಳೂರಿನಲ್ಲೇ 2016ರಲ್ಲಿ ಹುಟ್ಟಿದ ಮೈಗೇಟ್, ಆಮೇಲೆ ಬಂದ ನೋಬ್ರೋಕರ್‌ಹುಡ್‌ನಂಥವು ಈಗ ದೊಡ್ಡ ಅಪಾರ್ಟ್‌ಮೆಂಟುಗಳಲ್ಲಿ ಮಾಮೂಲು. ಹುಡುಗ ಬಂದರೆ ಫೋನಿಗೆ ಕೇಳುತ್ತದೆ, ಒಳಗೆ ಬಿಡಲೋ ಗೇಟಿನಲ್ಲಿ ಇಡಿಸಲೋ ಅಂತ. ಗೇಟಿನಲ್ಲಿ ಇಡಿಸಿದರೆ ಡಬ್ಬ ಸೆಕ್ಯೂರಿಟಿಯವರ ಕೈಯಲ್ಲಿ, ನೀವು ಸಂಜೆ ಬಂದು ತೆಗೆದುಕೊಳ್ಳುವುದು. ನನ್ನ ಪ್ರಶ್ನೆಗೆ ಇಲ್ಲಿ ಸರಿಯಾದ ಉತ್ತರ ಇದೆ.

ಆದರೆ ಅಕ್ಕ ಯಾವಾಗಲೂ ‘ಒಳಗೆ ಬಿಡಿ’ ಅನ್ನುತ್ತಾಳೆ. ಗೇಟಿನಿಂದ ಎಂಟನೇ ಮಹಡಿಗೆ ಅಕ್ಕಿ ಮೂಟೆ ಹೊರುವವರು ಯಾರು? ಹಾಗಾಗಿ ಡಬ್ಬ ಮತ್ತೆ ಬಾಗಿಲಿಗೇ ಬರುತ್ತದೆ. ಗೇಟು ಹೊರಗಿನವರನ್ನು ತಡೆಯುತ್ತದೆ. ಒಳಗೆ ದಿನಾ ಓಡಾಡುವ ನೂರಾರು ಜನರಲ್ಲಿ ಒಬ್ಬರು ಎತ್ತಿಕೊಂಡರೆ ಗೇಟಿಗೆ ಗೊತ್ತಾಗುವುದಿಲ್ಲ. ಅನುಮಾನವೆಲ್ಲ ಮನೆಕೆಲಸದವರ ಮೇಲೆ, ಕಸ ಎತ್ತುವವರ ಮೇಲೆ. ಕೇಳಿ ನೋಡಿದರೆ ಅದು ಪಕ್ಕದ ಬ್ಲಾಕಿನ ಅದೇ ನಂಬರಿನ ಮನೆಗೆ ಹೋಗಿರುತ್ತದೆ. ಅಕ್ಕನ ‘ಕಳುವಾದ’ ಮೂರು ಪಾರ್ಸಲ್‌ಗಳಲ್ಲಿ ಎರಡು ಹೀಗೇ ಸಿಕ್ಕವು. ಬ್ಲಾಕಿನ ಹೆಸರನ್ನು ಅಡ್ರೆಸ್ಸಿನ ಮೊದಲ ಸಾಲಿಗೆ ತಂದ ಮೇಲೆ ಅದು ನಿಂತಿತು. ಖರ್ಚು ಸೊನ್ನೆ.

ಕ್ಯಾಮೆರಾವೋ, ಪೆಟ್ಟಿಗೆಯೋ

ಎಲ್ಲರೂ ಮೊದಲು ಕೊಳ್ಳುವುದು ಕ್ಯಾಮೆರಾ. ನಾನೂ ಕೊಂಡೆ. ವೈಫೈ ಕ್ಯಾಮೆರಾ ಎರಡು ಮೂರು ಸಾವಿರಕ್ಕೆ ಸಿಗುತ್ತದೆ, ಬಾಗಿಲಿಗೆ ಹಾಕುವ ವಿಡಿಯೊ ಬೆಲ್‌ಗೆ ಅದಕ್ಕಿಂತ ಜಾಸ್ತಿ. ಕರೆಂಟು ಹೋದರೆ ವೈಫೈ ಹೋಗುತ್ತದೆ, ವೈಫೈ ಹೋದರೆ ಫೋನಿಗೆ ಏನೂ ಬರುವುದಿಲ್ಲ. ಹಾಗಾಗಿ ಮೆಮೊರಿ ಕಾರ್ಡ್ ಹಾಕುವಂಥದ್ದೇ ತೆಗೆದುಕೊಳ್ಳಿ, ರೂಟರಿಗೆ ಸಣ್ಣದೊಂದು ಯುಪಿಎಸ್ ಇರಲಿ.

ಕ್ಯಾಮೆರಾ ಡಬ್ಬವನ್ನು ಕಾಯುವುದಿಲ್ಲ, ಹೋದದ್ದನ್ನು ತೋರಿಸುತ್ತದೆ ಅಷ್ಟೇ. ಹೆಲ್ಮೆಟ್ ಹಾಕಿಕೊಂಡ ಒಬ್ಬ ಬಂದ, ಎತ್ತಿಕೊಂಡ, ಹೋದ. ನೋಡಿ ಏನು ಮಾಡುವುದು? ಆದರೂ ಸುಮ್ನೆ ದಂಡ ಅನ್ನಲಾರೆ. ಬೆಲ್‌ನಲ್ಲಿ ಮಾತಾಡುವ ಸೌಲಭ್ಯ ಇದ್ದರೆ ಆಫೀಸಿನಿಂದಲೇ ‘ಅಣ್ಣಾ, ಅಲ್ಲಿ ಇಡಬೇಡಿ, ಇಸ್ತ್ರಿ ಅಂಗಡಿಗೆ ಕೊಡಿ’ ಅನ್ನಬಹುದು. ಕಂಪನಿಯ ಜೊತೆ ಜಗಳಕ್ಕೂ ಬೇಕಾಗುತ್ತದೆ. ‘ಡೆಲಿವರ್ಡ್’ ಅಂತ ಮೆಸೇಜ್ ಬಂದ ಹೊತ್ತಿನಲ್ಲಿ ಬಾಗಿಲಿಗೆ ಯಾರೂ ಬಂದೇ ಇಲ್ಲ ಎಂದು ತೋರಿಸುವ ವಿಡಿಯೊ, ಕಳ್ಳನ ವಿಡಿಯೊಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕ್ಯಾಮೆರಾ ತಿರುಗಿಸುವಾಗ ಎದುರು ಮನೆಯ ಬಾಗಿಲು ಅದರಲ್ಲಿ ಬರದ ಹಾಗೆ ನೋಡಿಕೊಳ್ಳಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ ತೀರ್ಪು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನಲ್ಲೇ ಇದೆ. ಅವರು ಹೋಗಿದ್ದು ಸರ್ಕಾರದ ವಿರುದ್ಧ, ಆಧಾರ್ ವಿಷಯಕ್ಕೆ. ನಿಮ್ಮ ಎದುರು ಮನೆಯವರಿಗೆ ಕೋರ್ಟೂ ಬೇಡ, ಮಾತು ಬಿಟ್ಟರೆ ಸಾಕು. ಆಮೇಲೆ ಪಾರ್ಸಲ್ ಇಟ್ಟುಕೊಳ್ಳುವವರು ಯಾರು?

ಪೆಟ್ಟಿಗೆ ಅಂದರೆ ಗೇಟಿನ ಪಕ್ಕ ಗೋಡೆಗೆ ಬೋಲ್ಟ್ ಹಾಕಿ ಕೂರಿಸಿದ ತಗಡಿನ ಡಬ್ಬಿ. ಸ್ವಂತ ಮನೆಯವರಿಗೆ ನನ್ನ ಓಟು ಇದಕ್ಕೇ. ವೆಲ್ಡಿಂಗ್ ಅಂಗಡಿಯಲ್ಲಿ ಅಳತೆ ಕೊಟ್ಟು ಮಾಡಿಸಿ. ಮೇಲಿನಿಂದ ಹಾಕಿದರೆ ಕೆಳಗೆ ಬೀಳುವಂತೆ ಒಳಗೊಂದು ಇಳಿಜಾರು ಹಲಗೆ ಇರಲಿ, ಇಲ್ಲದಿದ್ದರೆ ಕೈ ಹಾಕಿ ಎತ್ತಿಕೊಳ್ಳುತ್ತಾರೆ. ಮೇಲೆ ದಪ್ಪ ಅಕ್ಷರದಲ್ಲಿ ‘ಪಾರ್ಸಲ್ ಇಲ್ಲಿ ಹಾಕಿ’ ಎಂದು ಕನ್ನಡ, ಇಂಗ್ಲಿಷ್, ಹಿಂದಿ ಮೂರರಲ್ಲೂ ಬರೆಸಿ. ಡೆಲಿವರಿ ಹುಡುಗರು ಎಲ್ಲೆಲ್ಲಿಂದಲೋ ಬಂದಿರುತ್ತಾರೆ. ಕುಕ್ಕರ್ ಗಾತ್ರದ ಡಬ್ಬ ಹಿಡಿಸಿದರೆ ಸಾಕು, ಟಿವಿ ತರಿಸುವ ದಿನ ನೀವು ಮನೆಯಲ್ಲೇ ಇರುತ್ತೀರಿ. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯಲು ಓನರ್ ಬಿಡುವುದಿಲ್ಲ, ನನ್ನನ್ನೂ ಬಿಡಲಿಲ್ಲ.

ಪೆಟ್ಟಿಗೆಗೆ ಇನ್ನೊಂದು ಲಾಭ ಇದೆ. ಎಲ್ಲ ಕಳ್ಳರಿಗೂ ಎರಡೇ ಕಾಲು ಇರುವುದಿಲ್ಲ. ಮಲ್ಲೇಶ್ವರದಲ್ಲಿರುವ ಗೆಳತಿಯ ಮನೆಯಲ್ಲಿ ಒಣದ್ರಾಕ್ಷಿಯ ಪೊಟ್ಟಣ ಎತ್ತಿಕೊಂಡು ಹೋಗಿದ್ದು ಕೋತಿ. ಬೀದಿನಾಯಿಗಳಿಗೆ ಬೇಕಾದ್ದು ನಾಯಿ ತಿಂಡಿಯ ಪಾರ್ಸಲ್, ಅದರಲ್ಲಿ ಅವುಗಳದ್ದೇನು ತಪ್ಪು. ಜೂನ್ ಮಳೆಯ ವಿಷಯ ಹೇಳುವುದೇ ಬೇಡ.

ಮನೆಗೆ ತರಿಸದೇ ಇರುವುದು

ಆಫೀಸಿನ ವಿಳಾಸ ಕೊಡುವುದು ಸುಲಭ. ಎಷ್ಟೋ ಕಂಪನಿಗಳು ಈಗ ಸ್ವಂತದ ಪಾರ್ಸಲ್ ಬೇಡ ಎನ್ನುತ್ತವೆ, ಕೇಳಿಕೊಳ್ಳಿ. ಬಸ್ಸಿನಲ್ಲಿ, ಮೆಟ್ರೊದಲ್ಲಿ ಹೊತ್ತು ತರುವಷ್ಟಿದ್ದರೆ ಮಾತ್ರ. ಆರ್ಡರ್ ಹಾಕುವಾಗ ಪಿಕಪ್ ಜಾಗ ತೋರಿಸಿದರೆ, ಅದು ನಿಮ್ಮ ದಾರಿಯಲ್ಲೇ ಇದ್ದರೆ, ಕಣ್ಣು ಮುಚ್ಚಿ ಆರಿಸಿ.

ಅಂಚೆಯನ್ನು ನಾವು ಮರೆತೇಬಿಟ್ಟಿದ್ದೇವೆ. ಪೋಸ್ಟ್‌ಮನ್ ಸ್ಪೀಡ್ ಪೋಸ್ಟನ್ನು ಚಪ್ಪಲಿ ಸ್ಟ್ಯಾಂಡಿನ ಮೇಲೆ ಇಟ್ಟು ಹೋದದ್ದನ್ನು ನಾನು ಕಂಡಿಲ್ಲ. ಯಾರೂ ಇಲ್ಲದಿದ್ದರೆ ಚೀಟಿ, ಆಮೇಲೆ ಪೋಸ್ಟಾಫೀಸಿಗೆ ಹೋಗಿ ಸಹಿ ಹಾಕಿ ತರುವುದು. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟಿನೊಳಗೆ ಸೇರಿತು. ಈಗ 5 ರೂಪಾಯಿ ಮತ್ತು ಜಿಎಸ್‌ಟಿ ಜಾಸ್ತಿ ಕೊಟ್ಟರೆ ಒಟಿಪಿ ಕೇಳಿಯೇ ಕೊಡುತ್ತಾರೆ. ಊರಿನಿಂದ ಸೀರೆ, ದಾಖಲೆ ಕಳಿಸುವಾಗ ನಾವು ಇದನ್ನೇ ಬಳಸುತ್ತೇವೆ. ನಿಧಾನ, ಆದರೆ ಡಬ್ಬ ಸದಾ ಯಾರದೋ ಕೈಯಲ್ಲಿರುತ್ತದೆ.

ಪಿಜಿಯವರಿಗೆ

ಪಿಜಿಯವರ ಪಾಡು ಎಲ್ಲಕ್ಕಿಂತ ಕಷ್ಟ. ಬಾಗಿಲ ಬಳಿ ಒಂದು ಮೇಜು, ಮೇಲೆ ಮೂವತ್ತು ಡಬ್ಬ, ಎಲ್ಲವೂ ಒಂದೇ ಬಣ್ಣ. ಮ್ಯಾನೇಜರಿಗೆ ಹೆಸರುಗಳೇ ಗೊತ್ತಿರುವುದಿಲ್ಲ. ಕದ್ದದ್ದು ಯಾವುದು, ಅವಸರದಲ್ಲಿ ಬದಲಾದದ್ದು ಯಾವುದು, ಬ್ರಹ್ಮನಿಗೂ ತಿಳಿಯದು. ಇಲ್ಲಿ ಕ್ಯಾಶ್ ಆನ್ ಡೆಲಿವರಿ ಅಥವಾ ಆಫೀಸು, ಬೇರೆ ದಾರಿ ಕಾಣೆ. ಹೆಸರಿನ ಪಕ್ಕದಲ್ಲೇ ರೂಮ್ ನಂಬರ್ ಹಾಕಿ. ಭಾನುವಾರಕ್ಕೆ ಬರುವಂತೆ ಆರ್ಡರ್ ಮಾಡಿ.

ಹೊರದೇಶದಲ್ಲಿರುವ ನಮ್ಮವರಿಗೆ

ನ್ಯೂಜೆರ್ಸಿ, ಡಲ್ಲಾಸ್ ಕಡೆ ಇರುವ ನೆಂಟರಿಗೆ ಈ ಕಥೆ ಇನ್ನೂ ಜೋರು. ಅಲ್ಲಿನ ಎಷ್ಟೋ ಮನೆಗಳಿಗೆ ಕಾಂಪೌಂಡೇ ಇಲ್ಲ, ರಸ್ತೆಯಿಂದ ಡಬ್ಬ ಕಾಣುತ್ತದೆ. ಇಂಥ ಕಳ್ಳರಿಗೆ ಅಲ್ಲಿ ‘ಪೋರ್ಚ್ ಪೈರೇಟ್’ ಅಂತ ಹೆಸರೇ ಇದೆ. ನಾವು ಜಗಲಿಗಳ್ಳ ಅನ್ನಬಹುದು. ಟೆಕ್ಸಸ್ 2019ರಲ್ಲಿ ಅಂಚೆ, ಪಾರ್ಸಲ್ ಕಳ್ಳತನಕ್ಕೇ ಬೇರೆ ಕಾನೂನು ಮಾಡಿತು. ಅಲ್ಲಿದ್ದರೆ ಕ್ಯಾಮೆರಾಗಿಂತ ಮೊದಲು ಅಮೆಜಾನ್ ಲಾಕರ್ ನೋಡಿ, 2011ರಿಂದ ಇದೆ. ಜರ್ಮನಿಯವರಿಗೆ ಡಿಎಚ್‌ಎಲ್‌ನ ಪಾಕ್‌ಸ್ಟಾಟ್ಸಿಯೋನ್ ಅದಕ್ಕೂ ಹಳೆಯದು, 2001ರಲ್ಲಿ ಶುರುವಾದದ್ದು. ಎರಡರಲ್ಲೂ ಡಬ್ಬ ಬೀದಿಯ ಲಾಕರಿನಲ್ಲಿರುತ್ತದೆ, ನೀವು ಹೋಗಿ ಫೋನ್ ತೋರಿಸಿ ತೆಗೆದುಕೊಳ್ಳುವುದು.

ಈಗಾಗಲೇ ಹೋಗಿದ್ದರೆ

ಮೊದಲು ಡೆಲಿವರಿ ಫೋಟೊ ನೋಡಿ. ಅದು ನಿಮ್ಮ ಬಾಗಿಲೇ ಅಲ್ಲದಿರಬಹುದು. ಅಕ್ಕಪಕ್ಕ ಕೇಳಿ. ಅದೇ ದಿನ ಆ್ಯಪಿನಲ್ಲಿ ‘ಡೆಲಿವರ್ಡ್ ಎಂದಿದೆ, ಸಿಕ್ಕಿಲ್ಲ’ ಎಂದು ದೂರು ಹಾಕಿ. ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಚಾಟಿನಲ್ಲಿ ಬರೆದದ್ದು ಉಳಿಯುತ್ತದೆ. ಡೆಲಿವರಿ ಹುಡುಗನ ಮೇಲೆ ಕೂಗಾಡುವುದು ಬೇಡ. ಅವನಿಗೆ ದುಡ್ಡು ಸಿಗುವುದು ಡಬ್ಬದ ಲೆಕ್ಕದಲ್ಲಿ, ನಿಮ್ಮ ಬಾಗಿಲಲ್ಲಿ ಕಾಯಲು ಯಾರೂ ಕೊಡುವುದಿಲ್ಲ.

ಗ್ರಾಹಕ ಸಂರಕ್ಷಣೆಯ 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಕಂಪನಿಯ ದೂರು ಅಧಿಕಾರಿ 48 ಗಂಟೆಯೊಳಗೆ ನಿಮ್ಮ ದೂರು ತಲುಪಿದೆ ಎನ್ನಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ 1915, ಗ್ರಾಹಕ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕವಿಲ್ಲ, ದೂರು ಕೊಡಲು ಎರಡು ವರ್ಷ ಸಮಯವಿದೆ.

ಪೊಲೀಸರ ಬಳಿ ಹೋಗುವುದು ಸಾಮಾನು ದುಬಾರಿ ಇದ್ದರೆ, ಅಥವಾ ಬೀದಿಯಲ್ಲಿ ಮತ್ತೆ ಮತ್ತೆ ಆಗುತ್ತಿದ್ದರೆ. 2024ರ ಜುಲೈ 1ರಿಂದ ಐಪಿಸಿ ಬದಲು ಭಾರತೀಯ ನ್ಯಾಯ ಸಂಹಿತೆ ಬಂದಿದೆ, ಕಳ್ಳತನಕ್ಕೆ ಅದರ 303ನೇ ಸೆಕ್ಷನ್. 5,000 ರೂಪಾಯಿಗಿಂತ ಕಡಿಮೆಯದ್ದು, ಮೊದಲ ಸಲದ ತಪ್ಪು, ಸಾಮಾನು ವಾಪಸ್ ಕೊಟ್ಟರೆ ಶಿಕ್ಷೆ ಸಮುದಾಯ ಸೇವೆ. ನನ್ನ ಚಟ್ನಿ ಜಾರಿನ ಬೆಲೆ 430. ನಾನು ಠಾಣೆಗೆ ಹೋಗಲಿಲ್ಲ. ಚಾಟಿನಲ್ಲಿ ಮೂರು ಸಲ ಬರೆದ ಮೇಲೆ ಹನ್ನೊಂದನೇ ದಿನ ದುಡ್ಡು ವಾಪಸ್ ಬಂತು. ಹೊಸ ಜಾರನ್ನು ಚಿಕ್ಕಪೇಟೆಯ ಪಾತ್ರೆ ಅಂಗಡಿಯಿಂದ ಕೈಯಲ್ಲೇ ಹಿಡಿದು ತಂದೆ. ನಲವತ್ತು ರೂಪಾಯಿ ಕಡಿಮೆಗೆ ಸಿಕ್ಕಿತು.